ಮುಂಗೋಟು, ಹಿಂಗೋಟು

ಔಪಚಾರಿಕ ಭೋಜನದ ಸಂಜೆ ಕರಿ ಕೋಟು ಇಲ್ಲದ ಗಂಡಸಿಗೆ ಹಸಿವಾಗುವುದಿಲ್ಲ. ಆಗಿಯೇಬಿಟ್ಟರೆ ಅದನ್ನು ಮೇಲಿನ ಡೆಕ್ಕಿನಲ್ಲಿ, ಈಜುಕೊಳದಿಂದ ಎದ್ದು ಬಂದವರ ಪಕ್ಕದಲ್ಲಿ, ಒದ್ದೆ ಬೆಂಚಿನ ಮೇಲೆ ಕೂತು ತೀರಿಸಿಕೊಳ್ಳತಕ್ಕದ್ದು. ಇದು ಹಡಗಿನ ನಿಯಮ. ಬೆಳಗ್ಗೆ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ತೂರಿ ಬಂದ ಪ್ರಕಟಣೆಯಲ್ಲಿ ಹೀಗೆಂದು ಸ್ಪಷ್ಟವಾಗಿ ಅಚ್ಚಾಗಿತ್ತು; ಕೆಳಗೆ ‘ತಮ್ಮ ಸಂತೋಷವೇ ನಮ್ಮ ಸಂತೋಷ’ ಎಂದೂ ಇತ್ತು.

ಸುತ್ತಣ್ಣ ಅದನ್ನು ಎರಡು ಸಲ ಓದಿದ. ಏಳನೇ ತರಗತಿಯಲ್ಲೇ ಶಾಲೆಗೆ ಕೈಮುಗಿದವನಾದ್ದರಿಂದ, ‘ತಕ್ಕದ್ದು’ ಎಂದು ಮುಗಿಯುವ ಯಾವ ಕಾಗದವನ್ನೂ ಅವನು ಎರಡು ಸಲ ಓದುತ್ತಿದ್ದ. ಮೊದಲನೇ ಸಲ ಹೆದರುವುದಕ್ಕೆ, ಎರಡನೇ ಸಲ ಅರ್ಥಕ್ಕೆ. ಓದಿ ಮುಗಿಸಿ ತನ್ನ ಚೀಲದೊಳಗೆ ಕೈಹಾಕಿ ತಡಕಿದ. ಗಿಳಿಗಳ ಚಿತ್ರವಿರುವ ಅರ್ಧ ತೋಳಿನ ಅಂಗಿ ಸಿಕ್ಕಿತು. ಇನ್ನೂ ತಡಕಿದ. ಅಂಥದ್ದೇ ಇನ್ನೊಂದು ಸಿಕ್ಕಿತು. ಅದರಲ್ಲಿ ಗಿಳಿಗಳು ಬಣ್ಣ ಬಿಟ್ಟಿದ್ದವು.

ಸುತ್ತಣ್ಣ ಎನ್ನುವುದು ಮನೆಯವರು ಇಟ್ಟ ಹೆಸರು. ಅವನು ಲಾರಿ ತೊಳೆದಿದ್ದ, ಹೋಟೆಲುಗಳಲ್ಲಿ ಈರುಳ್ಳಿ ಹೆಚ್ಚಿದ್ದ, ಸರ್ಕಸ್ಸಿನ ಡೇರೆಗೆ ಗೂಟ ಹೊಡೆದಿದ್ದ, ಬಂದರಿನಲ್ಲಿ ಹಗ್ಗ ಎಳೆದಿದ್ದ. ಯಾವ ಯಜಮಾನ ‘ಕೆಲಸ ಖಾಯಂ ಮಾಡ್ತೀನಿ’ ಎಂದು ಬಾಯಿಬಿಟ್ಟರೂ ಮರುದಿನ ಚೀಲ ಹೆಗಲಿಗೇರುತ್ತಿತ್ತು. ಯಾರ ನಿಯಮಕ್ಕೂ ಬಗ್ಗದ ಸ್ವತಂತ್ರ ಮನುಷ್ಯ ತಾನು ಎಂದು ಅವನು ತಿಳಿದಿದ್ದ. ಹಾಗೆ ತಿಳಿದುಕೊಳ್ಳಲು ವಿದ್ಯಾಭ್ಯಾಸ ಬೇಕಾಗುವುದಿಲ್ಲ.

ಅವನನ್ನು ಎತ್ತಿ ಬೆಳೆಸಿದವಳು ಅಕ್ಕ. ಅವಳ ಮದುವೆಗೆ ಅವನು ಬಂದಿರಲಿಲ್ಲ. ಮನೆ ಕಟ್ಟಿದಾಗ ಬಂದಿರಲಿಲ್ಲ. ಮೊಮ್ಮಗ ಹುಟ್ಟಿದಾಗ ಬರುತ್ತೇನೆಂದು ಹೇಳಿ ಕಳಿಸಿ ಬಂದಿರಲಿಲ್ಲ. ಅಕ್ಕನ ಮನೆಯ ಗೋಡೆಯ ಮೇಲೆ ಎಲ್ಲರ ಫೋಟೋಗಳಿದ್ದವು, ಇವನದೊಂದಿರಲಿಲ್ಲ. ಅರವತ್ತು ತುಂಬಿದ ಅಕ್ಕನನ್ನು ಮಕ್ಕಳು ಏನು ಬೇಕೆಂದು ಕೇಳಿದಾಗ ಅವಳು ಹಡಗಿನ ಪ್ರಯಾಣ ಎಂದಳು, ಜೊತೆಗೆ ತಮ್ಮನೂ ಬರಬೇಕು ಎಂದಳು. ಹಡಗಿನಿಂದ ಇವನು ಎಲ್ಲಿಗೂ ಎದ್ದು ಹೋಗಲಾರ ಎನ್ನುವುದು ಅವಳ ಲೆಕ್ಕ. ಕೊನೆಯ ಸಂಜೆಯ ಔಪಚಾರಿಕ ಭೋಜನದಲ್ಲಿ ಹಡಗಿನ ಫೋಟೋಗ್ರಾಫರ್ ಬಂದು ಮೇಜು ಮೇಜಿಗೂ ಒಂದು ಚಿತ್ರ ತೆಗೆಯುತ್ತಾನೆ, ಅದನ್ನು ಚೌಕಟ್ಟು ಹಾಕಿ ಕೊಡುತ್ತಾನೆ. ಆ ಚಿತ್ರದಲ್ಲಿ ತಮ್ಮ ಇರಬೇಕು. ಇಷ್ಟೇ ಅವಳ ಆಸೆ. ಫೋನಿನಲ್ಲಿ ತೆಗೆದದ್ದು ಅಕ್ಕನ ಲೆಕ್ಕದಲ್ಲಿ ಫೋಟೋ ಅಲ್ಲ. ಮೊಳೆ ಹೊಡೆದು ತೂಗುಹಾಕಿದ್ದು ಮಾತ್ರ ಫೋಟೋ.

"ಮೊದಲನೇ ಭೋಜನ ಇವತ್ತೇ. ಕೋಟು ಎಲ್ಲೋ?" ಎಂದಳು ಅಕ್ಕ.

"ನನಗ್ಯಾಕೆ ಕೋಟು? ನಾನು ಹೀಗೇ ಬರ್ತೀನಿ. ಯಾರು ತಡೀತಾರೋ ನೋಡೋಣ."

ಬಾಗಿಲಲ್ಲಿ ತಡೆದರು.

ತಡೆದವನು ಭೋಜನಶಾಲೆಯ ಮುಖ್ಯಸ್ಥ. ನೀಳವಾದ ಮನುಷ್ಯ, ಮೆಲುದನಿ. ಯಾರನ್ನಾದರೂ ಹೊರಗೆ ಹಾಕುವಾಗ ಒಳಗೆ ಕರೆಯುವಷ್ಟೇ ಆದರದಿಂದ ಕೈಚಾಚುತ್ತಿದ್ದ. ಕೋಟು ಇಲ್ಲದವರಿಗೆ ಹಡಗೇ ಕೋಟು ಎರವಲು ಕೊಡುತ್ತದೆ, ಚಿಂತೆ ಬೇಡ ಎಂದ. ಎರವಲು ಕೊಡುವ ಗೂಡು ಭೋಜನಶಾಲೆಯ ಒಳಗಿತ್ತು. ಭೋಜನದ ಹೊತ್ತಿನಲ್ಲಿ ಮಾತ್ರ ತೆರೆದಿರುತ್ತಿತ್ತು. ಒಳಗೆ ಹೋಗಲು ಕೋಟು ಹಾಕಿರಬೇಕಿತ್ತು.

ಭಾವ ತನ್ನ ಕೋಟು ಬಿಚ್ಚಿ ಕೊಟ್ಟು, ಕೋಟು ಇಲ್ಲದೆ ಪಡಸಾಲೆಯಲ್ಲಿ ನಿಲ್ಲುವುದೂ ನಿಷಿದ್ಧವಾದ್ದರಿಂದ ಹೂಕುಂಡವೊಂದರ ಹಿಂದೆ ಕುಕ್ಕರುಗಾಲಿನಲ್ಲಿ ಕೂತ. ಸುತ್ತಣ್ಣ ಗೂಡಿನ ಮುಂದೆ ನಿಂತು ಕೆಮ್ಮಿದ.

"ಒಂದು ಕೋಟು ಬೇಕಿತ್ತು."

ಗೂಡಿನವನು ಮೇಲಿಂದ ಕೆಳಗೆ ನೋಡಿದ. "ಹಾಕ್ಕೊಂಡಿದ್ದೀರಲ್ಲ."

"ಇದು ನಮ್ಮ ಭಾವಂದು."

"ಯಾರದಾದರೂ ಆಗಲಿ, ಮೈಮೇಲಿದೆ. ಕೋಟು ಇರೋರಿಗೆ ಕೋಟು ಕೊಡೋ ಹಾಗಿಲ್ಲ."

"ಬಿಚ್ಚಿ ಕೇಳ್ಲಾ?"

"ಬಿಚ್ಚಿದರೆ ನೀವು ಒಳಗೆ ಇರೋ ಹಾಗಿಲ್ಲ."

"ಅಲ್ಲ ಸ್ವಾಮಿ, ಇಲ್ಲೀತನಕ ಯಾರಿಗಾದರೂ ಕೊಟ್ಟಿದ್ದೀರಾ?"

"ಒಬ್ಬರಿಗೂ ಇಲ್ಲ," ಎಂದ ಗೂಡಿನವನು ಹೆಮ್ಮೆಯಿಂದ, ಹಿಂದಿನ ಸಾಲು ತೋರಿಸಿ. "ಅದಕ್ಕೇ ನೋಡಿ, ಎಲ್ಲ ಹೊಸಾದು ಇದ್ದ ಹಾಗಿದೆ."

ಸುತ್ತಣ್ಣ ಮುಖ್ಯಸ್ಥನ ಬಳಿಗೆ ಬಂದ. ಬಡಿದಾಡಲೆಂದೇ ಬಂದವನು ಆ ಮೆಲುದನಿ ಕೇಳಿ ತಾನೂ ದನಿ ಇಳಿಸಿದ. ಈ ಕೋಟು ಯಾರ ಸಲುವಾಗಿ ಎಂದು ಕೇಳಿದ.

"ಕ್ಯಾಪ್ಟನ್ ಅವರ ಸಲುವಾಗಿ, ಸಾರ್. ನಿಯಮ ಹೀಗಿದೆ: ಕ್ಯಾಪ್ಟನ್ ಅವರ ಮೇಜಿನಿಂದ ನೋಡಿದಾಗ ಪ್ರತಿಯೊಬ್ಬ ಗಂಡಸೂ ಕರಿ ಕೋಟಿನಲ್ಲಿ ಕಾಣತಕ್ಕದ್ದು."

ಸುತ್ತಣ್ಣ ಒಳಗೆ ಇಣುಕಿದ. ದೂರದ ಗೋಡೆಗೆ ಬೆನ್ನು ಕೊಟ್ಟು, ಎತ್ತರದ ಜಗಲಿಯ ಮೇಲೆ ಕ್ಯಾಪ್ಟನ್ ಕೂತಿದ್ದರು. ಅವರ ಎದುರಿಗೆ ಅಡ್ಡಡ್ಡ ಮೇಜುಗಳ ಸಾಲು. ಪ್ರತಿ ಮೇಜಿನಲ್ಲೂ ಅರ್ಧ ಜನ ಕ್ಯಾಪ್ಟನ್ ಕಡೆ ಮುಖ ಮಾಡಿದ್ದರು, ಅರ್ಧ ಜನ ಬೆನ್ನು ಮಾಡಿದ್ದರು.

"ಬೆನ್ನು ಮಾಡಿ ಕೂತೋರ ಎದೆ ಕ್ಯಾಪ್ಟನ್ ಸಾಹೇಬರಿಗೆ ಕಾಣ್ಸುತ್ತಾ?"

"ಇಲ್ಲ ಸಾರ್."

"ಮುಖ ಮಾಡಿ ಕೂತೋರ ಬೆನ್ನು?"

"ಅದೂ ಇಲ್ಲ."

"ಹಾಗಾದರೆ ನಮ್ಮ ಭಾವನಿಗೂ ನನಗೂ ಸೇರಿ ಒಂದು ಕೋಟು ಧಾರಾಳವಾಗಿ ಸಾಲುತ್ತಲ್ಲ!"

ಇದನ್ನು ಅವನು ಅಣಕಿಸಲೆಂದು ಹೇಳಿದ್ದ. ಮುಖ್ಯಸ್ಥ ಕಣ್ಣು ಮುಚ್ಚಿ ಯೋಚಿಸಿದ. ಒಳಗೆ ಹೋಗಿ ನಿಯಮಾವಳಿ ನೋಡಿ ಬಂದ. ಸಾಲುತ್ತದೆ ಎಂದ.

ಹಡಗಿನ ಟೈಲರು ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ, ಹಬೆಯ ನಡುವೆ ಕೂರುತ್ತಿದ್ದ. ಕೋಟನ್ನು ಎತ್ತಿ ಹಿಡಿದು, ಪಕ್ಕೆಯ ಹೊಲಿಗೆಗೆ ಕತ್ತರಿ ಇಟ್ಟ. ಭಾವ ಕುರ್ಚಿಯ ತೋಳು ಹಿಡಿದುಕೊಂಡ.

"ನಿವೃತ್ತಿ ದಿನಕ್ಕೆ ಅಂತ ಹೊಲಿಸಿದ್ದು ಕಣಯ್ಯಾ. ನಿನಗೇನು ಗೊತ್ತು ನಿವೃತ್ತಿ ಅಂದ್ರೆ? ಕೆಲಸ ಮಾಡಿದೋರಿಗೆ ತಾನೆ ಅದು!"

"ರೀ, ಮುಂದಿನ ಭಾಗ ನಿಮಗೇ ಕೊಡ್ತಾರಂತೆ," ಎಂದಳು ಅಕ್ಕ. "ಗುಂಡಿ, ಜೇಬು, ಎಲ್ಲ ನಿಮಗೇ."

"ಜೇಬೂ ನನಗೇನಾ?"

"ಮೂರೂ."

ಭಾವ ಕುರ್ಚಿಯ ತೋಳು ಬಿಟ್ಟ.

ತೋಳುಗಳನ್ನೂ ಉದ್ದಕ್ಕೆ ಸೀಳಿ, ಎರಡೂ ಭಾಗಗಳಿಗೆ ಲಾಡಿ ಹಚ್ಚಿ, ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ತೊಡಿಸುವ ಅಂಗಿಯ ಹಾಗೆ ಕಟ್ಟಿಕೊಳ್ಳಲು ಬರುವಂತೆ ಮಾಡಿಕೊಟ್ಟ ಟೈಲರು. ಭಾವನದು ಬೆನ್ನಲ್ಲಿ ಗಂಟು, ಸುತ್ತಣ್ಣನದು ಎದೆಯಲ್ಲಿ ಗಂಟು. ಗಂಟಿನ ಆಚೀಚೆ ಗಿಳಿಗಳು.

ಪ್ರವೇಶದ ಕ್ರಮವನ್ನು ಮುಖ್ಯಸ್ಥ ಅಲ್ಲೇ ರೂಪಿಸಿದ. ಬಾಗಿಲು ಕ್ಯಾಪ್ಟನ್ನರ ನೇರಕ್ಕೆ ಎದುರಾಗಿದ್ದುದರಿಂದ ಭಾವ ಎಲ್ಲರ ಹಾಗೆ ನಡೆದು ಹೋದ. ಸುತ್ತಣ್ಣ ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಅಕ್ಕ ಪಕ್ಕದಲ್ಲಿ ‘ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಸೂಪು’ ಎಂದು ಹೇಳುತ್ತ, ಮೇಜು ಸೇರಿದ. ಕ್ಯಾಪ್ಟನ್ ತಲೆಯೆತ್ತಿ ನೋಡಿದರು. ಕಪ್ಪು ಕಂಡಿತು. ತಲೆಯಾಡಿಸಿ ಸೂಪಿಗೆ ಮರಳಿದರು.

ಅಕ್ಕ ತಮ್ಮನ ಎದುರಿಗೆ ಕೂತಿದ್ದಳು. ಅವನ ತಟ್ಟೆಗೆ ತನ್ನ ತಟ್ಟೆಯಿಂದ ಬ್ರೆಡ್ಡು ದಾಟಿಸಿದಳು. ಅವನು ತಿಂದ. ಇನ್ನೊಂದು ದಾಟಿಸಿದಳು. ಅದನ್ನೂ ತಿಂದ. ಅಷ್ಟು ಹೊತ್ತು ಅವನು ಒಂದೇ ಕಡೆ ಕೂತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಎದ್ದು ಹೋಗಬೇಕೆಂದರೂ ಹೇಗೆ ಹೋಗಬೇಕೆಂದು ಅವನಿಗೆ ತಿಳಿದಿರಲಿಲ್ಲ ಎನ್ನುವುದು ಬೇರೆ ಮಾತು.

ಮರುದಿನ ಬೆಳಗ್ಗೆ ಟೈಲರನ ಬಾಗಿಲಲ್ಲಿ ಸಾಲು ನಿಂತಿತ್ತು. ಮೇಲಿನ ಡೆಕ್ಕಿನ ಒದ್ದೆ ಬೆಂಚಿನವರೆಲ್ಲ ಅಲ್ಲಿದ್ದರು. ಪೂರ್ತಿ ಕೋಟು ಇದ್ದೂ ಸೆಖೆ ತಾಳಲಾರದವರು ಅವರ ಹಿಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು:

‘ಮಾನ್ಯ ಪ್ರಯಾಣಿಕರ ಗಮನಕ್ಕೆ. ಕೋಟಿನ ಮುಂಭಾಗವನ್ನು ಇನ್ನು ಮುಂದೆ ಮುಂಗೋಟು ಎಂದೂ ಹಿಂಭಾಗವನ್ನು ಹಿಂಗೋಟು ಎಂದೂ ಕರೆಯತಕ್ಕದ್ದು. ಮುಂಗೋಟಿನವರು ಮುಮ್ಮುಖವಾಗಿ ಪ್ರವೇಶಿಸಿ ಹಿಮ್ಮುಖವಾಗಿ ನಿರ್ಗಮಿಸತಕ್ಕದ್ದು. ಹಿಂಗೋಟಿನವರು ಹಿಮ್ಮುಖವಾಗಿ ಪ್ರವೇಶಿಸಿ ಮುಮ್ಮುಖವಾಗಿ ನಿರ್ಗಮಿಸತಕ್ಕದ್ದು. ಇಬ್ಬರೂ ಬಿಸಿ ಪಾತ್ರೆ ಹಿಡಿದವರಿಗೆ ದಾರಿ ಬಿಡತಕ್ಕದ್ದು. ತಮ್ಮ ಸಂತೋಷವೇ ನಮ್ಮ ಸಂತೋಷ.’

ಹಡಗಿನ ಅಂಗಡಿಯಲ್ಲಿ ಸಿದ್ಧ ಅರ್ಧ ಕೋಟುಗಳು ಮಾರಾಟಕ್ಕೆ ಬಂದವು. ಬೆಲೆ ಪೂರ್ತಿ ಕೋಟಿನದೇ. ಕತ್ತರಿಸಿದ ಕೂಲಿ ಸೇರಿಸಿ ಸ್ವಲ್ಪ ಹೆಚ್ಚು. ಜನ ನೂಕುನುಗ್ಗಲಿನಲ್ಲಿ ಕೊಂಡರು. ಒಂದೇ ಕೋಟಿನ ಎರಡು ಭಾಗ ತೊಟ್ಟವರು ಒಂದೇ ಮೇಜಿನಲ್ಲಿ ಎದುರುಬದುರಾಗಿ ಕೂರಬೇಕೆಂದು ನಿಯಮ ಬಂದ ಮೇಲೆ, ಹಿಂದೆಂದೂ ಮಾತಾಡದ ಗಂಡಸರು ಪರಸ್ಪರ ‘ನಮ್ಮ ಹಿಂಗೋಟಿನವರು’, ‘ನಮ್ಮ ಮುಂಗೋಟಿನವರು’ ಎಂದು ಹೆಂಡತಿಯರಿಗೆ ಪರಿಚಯಿಸತೊಡಗಿದರು.

ಇಷ್ಟೆಲ್ಲ ನೋಡಿಕೊಳ್ಳಲು ಒಬ್ಬ ಅಧಿಕಾರಿ ಬೇಕಾದ. ಮುಖ್ಯಸ್ಥ ಸುತ್ತಣ್ಣನ ಕೋಣೆಗೆ ಬಂದು, ಅವನ ಎದೆಯ ಗಂಟಿಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಸಿಕ್ಕಿಸಿದ. ‘ಹಿಂಗೋಟು ಸಮನ್ವಯಾಧಿಕಾರಿ’ ಎಂದಿತ್ತು.

"ಹುದ್ದೆ ಖಾಯಂ, ಸಾರ್," ಎಂದ. "ಹಡಗು ದಡ ಮುಟ್ಟೋವರೆಗೂ ಖಾಯಂ."

ಆ ಮಾತು ಕೇಳಿದೊಡನೆ ಸುತ್ತಣ್ಣ ಚೀಲಕ್ಕೆ ಕೈಹಾಕಿದ್ದು ನಿಜ. ಬಿಲ್ಲೆ ಒರೆಸಲು ಬಟ್ಟೆ ಹುಡುಕುತ್ತಿದ್ದ.

ಆಮೇಲಿನ ಸುತ್ತಣ್ಣನನ್ನು ಹಳೆಯ ಸುತ್ತಣ್ಣ ನೋಡಿದ್ದರೆ ಆ ಹಡಗಿನಿಂದ ಹಾರಿ ಈಜಿಕೊಂಡು ಹೋಗುತ್ತಿದ್ದ. ಭೋಜನದ ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ನಿಂತು, ಬಂದವರನ್ನು ಒಂದು ಸುತ್ತು ತಿರುಗಿಸಿ ನೋಡಿ ಬಿಡುತ್ತಿದ್ದ. ನಿವೃತ್ತ ನ್ಯಾಯಾಧೀಶರೊಬ್ಬರು ಪೂರ್ತಿ ಕೋಟಿನಲ್ಲಿ ಬಂದಾಗ ಅವನೇ ತಡೆದ.

"ಸಾರ್, ನಿಮಗೆ ಮುಂದೂ ಇದೆ, ಹಿಂದೂ ಇದೆ. ಯಾವ ಕಡೆ ಕೂರಿಸಲಿ?"

"ಎರಡೂ ಇದೆ ಅಂದ ಮೇಲೆ ಯಾವ ಕಡೆಯಾದರೂ ಕೂರಬಹುದಲ್ಲಪ್ಪಾ."

"ಅದೇ ತೊಂದರೆ, ಸಾರ್. ನೀವು ಒಂದು ಕಡೆ ಕೂತರೆ ಇನ್ನೊಂದು ಕಡೆ ಸುಮ್ಮನೆ ಪೋಲು. ಹೊರಗೆ ಒಬ್ಬರು ಹಸಿದುಕೊಂಡು ನಿಂತಿದ್ದಾರೆ."

ನ್ಯಾಯಾಧೀಶರು ಸ್ವಲ್ಪ ಹೊತ್ತು ನಿಂತು ಈ ವಾದದಲ್ಲಿ ಲೋಪ ಹುಡುಕಿದರು. ಸಿಗಲಿಲ್ಲ. ಟೈಲರನ ಕಡೆ ಇಳಿದು ಹೋದರು. ವಾಪಸು ಬರುವಾಗ ಅವರ ಬೆನ್ನ ಪಾಲು ಒಬ್ಬ ಹಲ್ಲಿನ ಡಾಕ್ಟರ ಮೈಮೇಲಿತ್ತು.

ಮೂರನೇ ಭೋಜನದ ದಿನ ಸ್ವತಃ ಕ್ಯಾಪ್ಟನ್ ಮುಂಗೋಟಿನಲ್ಲಿ ಬಂದರು. ಅವರ ಬೆನ್ನಿಗಿದ್ದದ್ದು ಗೋಡೆ. ಗೋಡೆಗೆ ಯಾವ ಆಕ್ಷೇಪವೂ ಇರಲಿಲ್ಲ. ಅವರ ಹಿಂಗೋಟನ್ನು ಎಂಜಿನ್ ಕೋಣೆಯ ಹಿರಿಯ ಮೇಸ್ತ್ರಿಗೆ ಗೌರವಪೂರ್ವಕವಾಗಿ ಕೊಡಲಾಯಿತು.

ಅದೇ ಸಂಜೆ ಒಂದು ಅಚಾತುರ್ಯ ನಡೆಯಿತು. ಹಲ್ಲಿನ ಡಾಕ್ಟರು ಉಪ್ಪು ಕೇಳಲೆಂದು ಕೂತಲ್ಲೇ ಹಿಂದಕ್ಕೆ ತಿರುಗಿದರು. ಸೆಖೆಗೆ ಅಂಗಿ ಹಾಕದೆ ಬಂದಿದ್ದರು. ಬನಿಯನ್ನು ನೋಡಿ ಕ್ಯಾಪ್ಟನ್ ಚಮಚ ಕೆಳಗಿಟ್ಟರು. ಇಡೀ ಭೋಜನಶಾಲೆ ಚಮಚ ಕೆಳಗಿಟ್ಟಿತು. ಸಮನ್ವಯಾಧಿಕಾರಿ ಎದ್ದು ನಿಂತು, ಮುಮ್ಮುಖವಾಗಿ ಬಾಗಿಲಲ್ಲಿದ್ದ ಮುಖ್ಯಸ್ಥನ ಬಳಿ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಒಂದು ಆಜ್ಞೆ ಬರೆಯಿಸಿದ: ‘ಹಿಂಗೋಟಿನವರು ಕೂತ ಮೇಲೆ ಯಾವ ಕಾರಣಕ್ಕೂ ತಿರುಗತಕ್ಕದ್ದಲ್ಲ. ಒಮ್ಮೆ ಗೊತ್ತಾದ ಭಾಗವನ್ನು ಅದಲುಬದಲು ಮಾಡಿಕೊಳ್ಳತಕ್ಕದ್ದಲ್ಲ.’ ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ. ಎರಡು ಸಲವೂ ಹೆದರಿಕೆಯಾಗಲಿಲ್ಲ. ‘ತಕ್ಕದ್ದಲ್ಲ’ ಎನ್ನುವಾಗ ನಾಲಿಗೆಗೆ ಬೆಣ್ಣೆ ಸವರಿದ ಹಾಗಾಯಿತು. ಮಾರನೆಯ ದಿನ ಡಾಕ್ಟರು ಬಂದು, ಫೋಟೋದ ದಿನವೊಂದು ತನಗೂ ನ್ಯಾಯಾಧೀಶರಿಗೂ ಅದಲುಬದಲಿಗೆ ಅವಕಾಶ ಕೊಡಿ ಎಂದು ಕೈಹಿಡಿದು ಕೇಳಿದಾಗ, ಸುತ್ತಣ್ಣ ಆಕಾಶ ನೋಡುತ್ತ ‘ಪರಿಶೀಲಿಸಲಾಯಿತು, ತಿರಸ್ಕರಿಸಲಾಯಿತು’ ಎಂದ. ಎರಡು ಮಾತಿನ ನಡುವೆ ಉಸಿರೂ ತೆಗೆದುಕೊಳ್ಳಲಿಲ್ಲ.

ಕೊನೆಯ ಸಂಜೆ ಬಂತು. ಅಕ್ಕ ಹೊಸ ಸೀರೆ ಉಟ್ಟು, ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಳ್ಳುತ್ತ ಕೇಳಿದಳು.

"ಫೋಟೋದವನು ಯಾವ ಕಡೆಯಿಂದ ತೆಗೀತಾನೋ?"

"ಕ್ಯಾಪ್ಟನ್ ಸಾಹೇಬರ ಪಕ್ಕದಲ್ಲಿ ನಿಂತು. ಅದು ಅವನ ನಿಯಮ. ಸಾಹೇಬರು ನೋಡಿದ ಹಾಗೇ ಬರಬೇಕಂತೆ."

ಕೂದಲ ಮೇಲಿನ ಕೈ ನಿಂತಿತು.

"ಅಲ್ಲಿಂದ ತೆಗೆದರೆ ನಿನ್ನ ಮುಖ ಬರಲ್ಲವಲ್ಲೋ."

ಇಷ್ಟು ದಿನ ಎಲ್ಲರ ಎದೆ ಬೆನ್ನುಗಳ ಲೆಕ್ಕ ಇಟ್ಟ ಸುತ್ತಣ್ಣನಿಗೆ ಸ್ವಂತ ಮುಖದ ಲೆಕ್ಕ ತಪ್ಪಿಹೋಗಿತ್ತು. ತನ್ನ ಬುದ್ಧಿಗೆ ತಾನೇ ಬೆರಗಾದ.

"ರೀ," ಎಂದಳು ಅಕ್ಕ ಭಾವನ ಕಡೆ ತಿರುಗಿ, "ಇವತ್ತೊಂದಿನ ಮುಂದಿಂದು ಅವನಿಗೆ ಕೊಡ್ರೀ. ನೀವು ಹಿಂದಿಂದು ಹಾಕ್ಕೊಳ್ಳಿ. ನಿಮ್ಮ ಮುಖ ಮನೆ ತುಂಬಾ ಇದೆ."

ಭಾವ ಜೇಬುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಹೆಂಡತಿಯ ಮುಖ ನೋಡಿದ. "ಕೊಡ್ತೀನಿ ಕಣೆ. ಕೊಡಲ್ಲ ಅಂತೀನಾ? ಆದರೆ ಅದಲುಬದಲಿಗೆ ಸಮನ್ವಯಾಧಿಕಾರಿಗಳ ಒಪ್ಪಿಗೆ ಬೇಕಲ್ಲ."

ಇಬ್ಬರೂ ಸಮನ್ವಯಾಧಿಕಾರಿಗಳ ಕಡೆ ನೋಡಿದರು.

ಸುತ್ತಣ್ಣನಿಗೆ ಡಾಕ್ಟರ ಕೈ ನೆನಪಾಯಿತು. ಆಜ್ಞೆಗೆ ತಾನೇ ಹಾಕಿದ ಸಹಿ ನೆನಪಾಯಿತು. ಕೊನೆಯಲ್ಲಿ ಒಂದು ಸುಳಿಯೂ ಇತ್ತು ಅದಕ್ಕೆ. ಎಲ್ಲ ಬಿಟ್ಟು ಬಿಲ್ಲೆ ಕಿತ್ತೆಸೆದು ‘ಆಯಿತು ಅಕ್ಕಾ’ ಎನ್ನಬೇಕೆಂದೇ ಹೊರಟ. ಬಾಯಿಂದ ಬಂದದ್ದು ಬೇರೆ.

"ಪರಿಶೀಲಿಸ್ತೀನಿ," ಎಂದ.

"ಯಾರ ಹತ್ತಿರ ಮಾತಾಡ್ತಿದ್ದೀಯೋ ನೀನು? ನಿನ್ನ ಮೂಗು ಒರೆಸಿದೋಳು ಕಣೋ ನಾನು!"

"ಅದಲ್ಲ ಅಕ್ಕಾ. ಮನೆಯೋರಿಗೆ ಒಂದು, ಹೊರಗಿನೋರಿಗೆ ಒಂದು ಅಂತ ಆಗಿಬಿಟ್ಟರೆ..."

"ಲೇ, ಯೂನಿಫಾರ್ಮ್ ಹಾಕಲ್ಲ ಅಂತ ಶಾಲೆ ಗೋಡೆ ಹಾರಿ ಬಂದೋನು ನೀನು!"

ಸುತ್ತಣ್ಣ ತಲೆತಗ್ಗಿಸಿ ಎದೆಯ ಲಾಡಿಯನ್ನು ಬಿಗಿಯಾಗಿ ಕಟ್ಟಿಕೊಂಡ. ಅಕ್ಕ ಬಾಚಣಿಗೆ ಕೆಳಗಿಟ್ಟು ಅವನ ಕಾಲರು ಸರಿಮಾಡಿದಳು. ಹಿಂಗೋಟಿಗೆ ಇದ್ದದ್ದು ಅರ್ಧ ಕಾಲರೇ.

ಭೋಜನಶಾಲೆಯೊಳಗೆ ಮುಂಗೋಟುಗಳು ಮುಂದಾಗಿ, ಹಿಂಗೋಟುಗಳು ಹಿಂದಾಗಿ, ಯಾರ ಕಾಲನ್ನೂ ಯಾರೂ ತುಳಿಯದೆ ಹರಿದು ಹೋಗಿ ಕೂತವು. ಬಡಿಸುವವರು ಈ ಹೊತ್ತಿಗೆ ಎರಡೂ ದಿಕ್ಕಿನ ಜನರ ನಡುವೆ ಸೂಪು ತುಳುಕಿಸದೆ ನಡೆಯುವುದನ್ನು ಕಲಿತಿದ್ದರು. ಫೋಟೋಗ್ರಾಫರ್ ಕ್ಯಾಪ್ಟನ್ನರ ಪಕ್ಕದಲ್ಲಿ ಕಾಲು ಅಗಲಿಸಿ ನಿಂತು ಒಂದೊಂದೇ ಮೇಜಿನ ಹೆಸರು ಕೂಗಿ ಚಿತ್ರ ತೆಗೆಯುತ್ತ ಬಂದ. ಅಕ್ಕನ ಮೇಜಿನ ಸರದಿ ಬಂತು.

"ಎಲ್ಲರೂ ಇಲ್ಲಿ ನೋಡಿ!" ಎಂದು ಕೂಗಿ, ಆಮೇಲೆ ಸರಿಮಾಡಿಕೊಂಡ. "ನೋಡಬಹುದಾದೋರು ನೋಡಿ!"

ಸುತ್ತಣ್ಣನ ಕತ್ತು ತನ್ನಷ್ಟಕ್ಕೆ ಹೊರಳಿತು. ಅರ್ಧಕ್ಕೆ ಬಂದಿತ್ತು. ಬಾಗಿಲ ಬಳಿ ನಿಂತಿದ್ದ ಮುಖ್ಯಸ್ಥ ಮೆಲುದನಿಯಲ್ಲಿ ಕೆಮ್ಮಿದ. ಆಚೆ ಮೇಜಿನ ಡಾಕ್ಟರು, ತಾವೂ ತಿರುಗದೆ, ಕಿವಿ ಮಾತ್ರ ಇತ್ತ ಕೊಟ್ಟರು.

"ತಿರುಗು, ಪರವಾಗಿಲ್ಲ. ನಾನು ನೋಡಿಲ್ಲ ಅಂದ್ಕೋತೀನಿ," ಎಂದ ಭಾವ ಹಲ್ಲುಗಳ ನಡುವಿನಿಂದ. ನಿಯಮ ಮುರಿಯಲು ಅವನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅಕ್ಕ ಮೇಜಿನ ಮೇಲೆ ಕೈಚಾಚಿ ತಮ್ಮನ ಮಣಿಕಟ್ಟು ಹಿಡಿದಳು.

"ಬೇಡ. ಹಾಗೇ ಇರು," ಎಂದಳು. "ಬೆನ್ನೇ ಬರಲಿ ಬಿಡೋ. ನೀನು ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು ನೋಡ್ತಿದ್ದವಳು ನಾನು. ನಿನ್ನ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ಗುರುತು."

ಹಿಂದಿನಿಂದ ಬೆಳಕು ಮಿಂಚಿತು. ಸುತ್ತಣ್ಣನ ಎದುರಿಗೆ ಅಕ್ಕ ಕ್ಯಾಮರಾ ನೋಡುವುದನ್ನು ಮರೆತು ಅವನನ್ನೇ ನೋಡುತ್ತಿದ್ದಳು. ಚಿತ್ರದಲ್ಲೂ ಹಾಗೇ ಬಂದಿದೆ.

ಚಿತ್ರ ಚೆನ್ನಾಗಿ ಬಂದಿತ್ತೆಂದು ಕ್ಯಾಪ್ಟನ್ ಸೇರಿ ಎಲ್ಲರೂ ಒಪ್ಪಿದರು. ಆ ಪ್ರಯಾಣದ ಅತ್ಯುತ್ತಮ ಹಿಂಗೋಟು ಎಂದು ಅದಕ್ಕೆ ಪ್ರಶಸ್ತಿಪತ್ರ ಬಂತು. ಡಾಕ್ಟರು ತಾವೇ ಬಂದು, ತಮ್ಮ ಹೆಂಡತಿಗೂ ಬೆನ್ನಿನ ಚಿತ್ರವೇ ಹಿಡಿಸಿದೆ, ಮುಖದ್ದಾಗಿದ್ದರೆ ಗೋಡೆಗೆ ಹಾಕುತ್ತಿರಲಿಲ್ಲವಂತೆ ಎಂದು ಸುತ್ತಣ್ಣನ ಕೈಕುಲುಕಿದರು. ಹಡಗು ದಡ ಮುಟ್ಟಿದಾಗ ಜನ ರೂಢಿಬಲದಿಂದ ಏಣಿಮೆಟ್ಟಿಲನ್ನು ಅರ್ಧ ಮುಂದಾಗಿ, ಅರ್ಧ ಹಿಂದಾಗಿ ಇಳಿದರು. ಬಂದರಿನ ಸಿಬ್ಬಂದಿ ಹಾಗೇ ಎರಡು ಸಾಲು ಮಾಡಿ ಸಹಕರಿಸಿದರು.

ಈಗ ಅಕ್ಕನ ಮನೆಯ ಗೋಡೆಯ ಮೇಲೆ, ಬಾಗಿಲಿಗೆ ಎದುರಾಗಿ, ಆ ಫೋಟೋ ಇದೆ. ಭಾವ ಎದೆ ಸೆಟೆಸಿ ಮೂರು ಜೇಬೂ ಕಾಣುವಂತೆ ಕೂತಿದ್ದಾನೆ. ಪಕ್ಕದಲ್ಲಿ ಅಕ್ಕ. ಅವಳ ಮುಂದೆ ಒಂದು ಕರಿ ಬೆನ್ನು, ಅದರ ಮೇಲೆ ಅರ್ಧ ಕಾಲರು, ಅದರ ಮೇಲೆ ಸ್ವಲ್ಪ ನರೆತ ತಲೆ. ಮನೆಗೆ ಬಂದವರಿಗೆಲ್ಲ ಅಕ್ಕ ಆ ಬೆನ್ನಿನ ಮೇಲೆ ಬೆರಳಿಟ್ಟು, "ಇವನೇ ನೋಡಿ ನನ್ನ ತಮ್ಮ," ಎನ್ನುತ್ತಾಳೆ.

ಬಂದವರು ಕನ್ನಡಕ ಸರಿಮಾಡಿಕೊಂಡು, ಹತ್ತಿರ ಹೋಗಿ, ಅಕ್ಕನನ್ನೊಮ್ಮೆ ಬೆನ್ನನ್ನೊಮ್ಮೆ ನೋಡಿ, "ಹೌದಲ್ವಾ! ಮುಖ ಥೇಟು ನಿಮ್ಮದೇ," ಎನ್ನುತ್ತಾರೆ.